ಅವ್ವ ಹೆತ್ತ ಮುಖ, ಮಗಳು ಕೊಂಡ ಬಣ್ಣ

ಹೋದ ವರ್ಷ ಯುಗಾದಿಯ ಮಾರನೇ ದಿನ, ಹೊಸತೊಡಕಿನ ಹೊತ್ತಿನಲ್ಲಿ, ಮಂಡ್ಯ ಸೀಮೆಯ ಒಂದು ಕೇರಿಯ ಮನೆಯಲ್ಲಿ ನಾವು ಕೂತಿದ್ದೆವು. ಸಂಘದ ಕೆಲಸಕ್ಕೆ ಹೋದವರನ್ನು ಆ ಮನೆಯವರು ಉಣ್ಣದೆ ಹೋಗಬೇಡಿ ಎಂದು ಹಿಡಿದು ನಿಲ್ಲಿಸಿದ್ದರು. ಬೆಂಗಳೂರಿನ ಒಂದು ದೊಡ್ಡ ಜವಳಿ ಅಂಗಡಿಯಲ್ಲಿ ಕೆಲಸಕ್ಕಿರುವ ಮಗಳು ಹಬ್ಬಕ್ಕೆ ಬಂದಿದ್ದಳು. ಪಿಯುಸಿ ಓದಿದವಳು. ಇಪ್ಪತ್ತಾರು ವರ್ಷ. ಅವಳ ಮುಖ ಬದಲಾಗಿತ್ತು. ಹಣೆ ಕೆನ್ನೆಗಳೆಲ್ಲ ಬಿಳುಪೇರಿ, ಕತ್ತಿನಿಂದ ಕೆಳಗೆ ಮಾತ್ರ ಹಳೆಯ ಬಣ್ಣ ಹಾಗೇ ಉಳಿದಿತ್ತು. ಒಲೆ ಮುಂದೆ ಹಿಟ್ಟು ತೊಳಸುತ್ತಿದ್ದ ಅವ್ವ ಮಗಳ ಕಡೆ ತಿರುಗದೆ ಕೇಳಿದಳು:

"ನಾನು ಹೆತ್ತ ಮುಖ ನಿಂಗೆ ಬ್ಯಾಡಾಯ್ತೇನವ್ವಾ?"

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ನೀ ಹೆತ್ತ ಮುಖಕ್ಕೆ ಕೌಂಟ್ರು ಕೊಡ್ನಿಲ್ಲ ಕಣವ್ವ. ಮೂರು ವರ್ಸ ಗೋಡೌನ್ನಲ್ಲಿ ಬಟ್ಟೆ ಮಡಚ್ಕಂಡು ಕೂತಿದ್ದೆ. ಮುಖಕ್ಕೆ ಮಾಡಿಸ್ಕಂಡ ಮ್ಯಾಲೆ ಕೊಟ್ಟವ್ರೆ. ತಿಂಗಳಿಗೆ ಎರಡು ಸಾವ್ರ ಜಾಸ್ತಿ. ಈ ಹಬ್ಬ ಆಗಿದ್ದು ಆ ದುಡ್ಡಲ್ಲೇಯ."

ಅವ್ವ ಮತ್ತೆ ಮಾತಾಡಲಿಲ್ಲ. ನಾವೂ ಮಾತಾಡಲಿಲ್ಲ. ನಮ್ಮ ಚೀಲದಲ್ಲಿ ಸ್ವಾಭಿಮಾನದ ಬಗ್ಗೆ ಅಚ್ಚು ಹಾಕಿಸಿದ ಕರಪತ್ರಗಳಿದ್ದವು. ಅದರಲ್ಲಿ ಒಂದನ್ನಾದರೂ ತೆಗೆದು ಆ ಹುಡುಗಿಯ ಕೈಗೆ ಕೊಡುವ ಧೈರ್ಯ ನಮಗಾಗಲಿಲ್ಲ. ಕೊಟ್ಟಿದ್ದರೆ ಅವಳು ತಿರುಗಿ ಕೇಳುತ್ತಿದ್ದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಈ ಬರಹ ಅವತ್ತು ಬಾಯಿಗೆ ಬಾರದೆ ಹೋದ ಮಾತುಗಳನ್ನು ಹುಡುಕುವ ಪ್ರಯತ್ನ.

* * *

ಆ ದಿನದಿಂದ ನಾವು ಹೋದ ಕಡೆಯೆಲ್ಲ ಈ ಮಾತನ್ನು ಎತ್ತಿದೆವು. ಬೆಳೆದ ಹೆಣ್ಣುಮಕ್ಕಳು ಪಾರ್ಲರುಗಳಲ್ಲಿ ಬ್ಲೀಚ್ ಮಾಡಿಸಿಕೊಳ್ಳುತ್ತಾರೆ. ಚರ್ಮದ ಕ್ಲಿನಿಕ್ಕುಗಳಲ್ಲಿ ಆಸಿಡ್ ಹಚ್ಚಿಸಿ ಮೇಲುಚರ್ಮ ಸುಲಿಸಿಕೊಳ್ಳುತ್ತಾರೆ. ಅದಕ್ಕೆ ಪೀಲಿಂಗ್ ಅನ್ನುತ್ತಾರೆ. ಲೇಸರ್ ಮಾಡಿಸುತ್ತಾರೆ. ಬಿಳುಪಾಗುವ ಇಂಜೆಕ್ಷನ್ ಅಂತ ಹಾಕಿಸಿಕೊಳ್ಳುವವರೂ ಇದ್ದಾರೆ. ಅವರ ತಾಯಂದಿರು ಏನನ್ನುತ್ತಾರೆ?

ಒಬ್ಬಳು ದುಡ್ಡಿನ ಲೆಕ್ಕ ಹಾಕಿದಳು. "ಆ ಕಾಸಲ್ಲಿ ಒಂದು ಜೊತೆ ಮೇಕೆ ಬತ್ತಿದ್ವು. ಮೇಕೆಯಾದ್ರೂ ಮರಿ ಹಾಕ್ತಿತ್ತು." ಇನ್ನೊಬ್ಬಳು ನಿರಾಳವಾಗಿದ್ದಳು. ಮೂರು ಸಲ ಗಂಡಿನ ಕಡೆಯವರು ಬಂದು ಉಪ್ಪಿಟ್ಟು ತಿಂದು ಎದ್ದುಹೋದ ಮನೆ ಅದು. "ಈಗ್ಲಾದ್ರೂ ನೋಡಕ್ಕೆ ಬಂದೋರು ಮಕ ತಿರುಗಿಸ್ದೆ ಕೂರ್ತಾರೆ" ಅಂದಳು. ಮೂರನೆಯವಳಿಗೆ ಭಯ. ಮಗಳ ಕೆನ್ನೆ ಬಿಸಿಲಿಗೆ ಕೆಂಡದ ಹಾಗೆ ಕೆಂಪಾಗುವುದನ್ನು ನೋಡಿ, ಒಳಗೇನೋ ಸುಡುತ್ತಿದೆ ಎಂದು ಗ್ರಹಿಸಿದ್ದಳು.

ನಾಲ್ಕನೆಯವರು ತಾಲೂಕು ಕೇಂದ್ರದಲ್ಲಿ ನಿವೃತ್ತರಾದ ಶಾಲಾ ಶಿಕ್ಷಕಿ. ಅವರ ಕುಟುಂಬದಲ್ಲಿ ಓದಿದ ಮೊದಲ ಹೆಂಗಸು. ಮಗಳನ್ನು ಚರ್ಮದ ಕ್ಲಿನಿಕ್ಕಿಗೆ ತಾವೇ ಕರೆದುಕೊಂಡು ಹೋಗಿ ದುಡ್ಡು ಕಟ್ಟಿದವರು. ನಾವು ಸ್ವಲ್ಪ ಬಿರುಸಾಗಿಯೇ ಕೇಳಿದೆವು, ನೀವೇ ಹೀಗೆ ಮಾಡಿದರೆ ಹೇಗೆ ಮೇಡಂ, ಎಂದು. ಅವರು ಸಿಟ್ಟಾಗಲಿಲ್ಲ. "ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸ್ಟಾಫ್ ರೂಮಿನಲ್ಲಿ ನನ್ನ ಲೋಟ ಬೇರೆ ಇಟ್ಟಿದ್ದರು. ಯಾರೂ ನನ್ನ ಜಾತಿ ಕೇಳಿರಲಿಲ್ಲ. ಮುಖ ನೋಡಿಯೇ ಕಂಡುಹಿಡಿದರೇನೋ ಅಂತ ಮೂವತ್ತು ವರ್ಷ ಅಂದುಕೊಂಡಿದ್ದೀನಿ. ಆ ಅನುಮಾನ ನನ್ನ ಮಗಳಿಗೆ ಬೇಡ ಅನ್ನಿಸಿತು" ಅಂದರು.

ಈ ಅವ್ವಂದಿರಲ್ಲಿ ಒಬ್ಬರಾದರೂ ಮಗಳ ಶೋಕಿಯ ಬಗ್ಗೆ ಮಾತಾಡಲಿಲ್ಲ ಎಂಬುದನ್ನು ಗಮನಿಸಬೇಕು. ಶೋಕಿ ಎಂದು ಬೈಯುವುದು ನಾವು, ಭಾಷಣ ಮಾಡುವವರು. ಅವರು ಮಾತಾಡಿದ್ದು ನೋಡುವವರ ಬಗ್ಗೆ. ಅಂಗಡಿ ಯಜಮಾನ ನೋಡುತ್ತಾನೆ, ಗಂಡಿನ ಕಡೆಯವರು ನೋಡುತ್ತಾರೆ, ಸ್ಟಾಫ್ ರೂಮಿನವರು ನೋಡುತ್ತಾರೆ. ಮಗಳ ಮುಖದ ಮುಂದೆ ಯಾವಾಗಲೂ ಒಂದು ಕಣ್ಣು ತೆರೆದುಕೊಂಡು ಕೂತಿದೆ. ಅಳುವ ತಾಯಿ, ಬೈಯುವ ತಾಯಿ, ದುಡ್ಡು ಕಟ್ಟುವ ತಾಯಿ, ಮೂವರೂ ಆ ಕಣ್ಣನ್ನು ಬಲ್ಲವರೇ. ತಾವೇ ಅದರ ಕೆಳಗೆ ಬದುಕಿ ಬಂದವರು.

* * *

ಆದರೆ ತಾಯಿಯ ಕಣ್ಣೀರನ್ನು ಪೂಜೆ ಮಾಡುವ ಹಳೇ ಚಾಳಿ ನಮಗೆ ಬೇಡ. ತಾಯಿಯೂ ನೋಡಿದ್ದಾಳೆ. ಅದನ್ನೂ ಹೇಳಿಬಿಡಬೇಕು.

ಹೆರಿಗೆಯಾದ ಮನೆಗೆ ಬಂದ ಹೆಂಗಸರು ಮೊದಲು ಕೇಳುವುದು ಗಂಡೋ ಹೆಣ್ಣೋ. ಎರಡನೆಯದು, ಕೆಂಪಗೈತಾ? ಕನ್ನಡದಲ್ಲಿ ಬೆಳ್ಳಗಿರುವವಳನ್ನು 'ಕೆಂಪಗಿದ್ದಾಳೆ' ಅನ್ನುತ್ತೇವೆ. ಕಪ್ಪಗಿರುವವಳಿಗೆ 'ಎಣ್ಣೆಗೆಂಪು' ಎಂದು ಕೆಂಪನ್ನೇ ಸಾಲ ತಂದು ಅಂಟಿಸುತ್ತೇವೆ. ಬಹಳ ಪ್ರೀತಿ ಬಂದರೆ 'ಕಪ್ಪಾದ್ರೂ ಲಕ್ಷಣವಾಗವಳೆ' ಅನ್ನುತ್ತೇವೆ. ಆ 'ಆದ್ರೂ' ಎಂಬ ಎರಡಕ್ಷರವನ್ನು ಕೇಳುತ್ತಾ ಬೆಳೆದ ಹುಡುಗಿ ಇಪ್ಪತ್ತನೇ ವರ್ಷಕ್ಕೆ ಪಾರ್ಲರಿನ ಬಾಗಿಲು ತಟ್ಟಿದರೆ ಅವಳಿಗೆ ದಾರಿ ತೋರಿಸಿದವರು ಯಾರು? ಕೂಸಿಗೆ ಕಡಲೆಹಿಟ್ಟು ಅರಿಶಿನ ಹಾಕಿ ತಿಕ್ಕುವಾಗ, ಬಿಸಿಲಿಗೆ ಹೋಗಬ್ಯಾಡ ಕರ್ರಗಾಯ್ತೀಯಾ ಎಂದು ಗದರುವಾಗ, ಅಕ್ಕ ತಂಗಿಯರಲ್ಲಿ ಒಬ್ಬಳನ್ನು 'ಕರೀದು' ಎಂದೇ ಕೂಗುವಾಗ, ನೋಡುವವರ ಕಣ್ಣು ಮನೆಯೊಳಗೇ ಇತ್ತು. ಇದೇ ಮನೆಗಳಲ್ಲಿ ನಮ್ಮ ದೇವರು ಕರಿಯಮ್ಮ. ನಮ್ಮ ತಾತಂದಿರ ಹೆಸರು ಕರಿಯ, ನಮ್ಮ ಅಜ್ಜಿಯರ ಹೆಸರು ಕರಿಯವ್ವ. ದೇವರಿಗೂ ಹಿರಿಯರಿಗೂ ಸಲ್ಲುವ ಬಣ್ಣ ಮದುವೆಗೆ ನಿಂತ ಹುಡುಗಿಗೆ ಸಲ್ಲುವುದಿಲ್ಲ.

ಇನ್ನೊಂದು ಸಂಗತಿ. ಹೊಸತೊಡಕಿನ ದಿನ ಮಗಳ ಮುಖದ ಬಗ್ಗೆ ಕೇಳಿದ ಆ ಅವ್ವನ ಹಣೆಯ ಮೇಲೆ, ಗಲ್ಲದ ಮೇಲೆ ಹಸಿರು ಹಚ್ಚೆಯಿದೆ. ಎಂಟೋ ಒಂಬತ್ತೋ ವರ್ಷದವಳಿದ್ದಾಗ ಕೊರವಂಜಿ ಬಂದು ಮಸಿ, ಸೊಪ್ಪಿನ ರಸ ಸೇರಿಸಿ ಸೂಜಿಯಲ್ಲಿ ಚುಚ್ಚಿದ್ದು. ಅವಳ ಅವ್ವ ಕೈಕಾಲು ಒತ್ತಿ ಹಿಡಿದುಕೊಂಡಿದ್ದಳಂತೆ. ಸತ್ತಾಗ ಜೊತೆಗೆ ಬರೋ ಒಡವೆ ಇದೊಂದೇ ಎಂದು ಸಮಾಧಾನ ಹೇಳಿದ್ದಳಂತೆ. ನಮ್ಮವರ ಹೆಂಗಸರಿಗೆ ಸಾಲಕ್ಕೆ ಒತ್ತೆಯಿಡಲಾಗದ, ಗೌಡನೂ ಕಿತ್ತುಕೊಳ್ಳಲಾಗದ ಒಡವೆ ಅದೊಂದೇ ಎಂಬುದೂ ನಿಜ. ಆದರೂ ಆ ಹುಡುಗಿಯನ್ನು ಯಾರೂ ಕೇಳಲಿಲ್ಲ. ನಮ್ಮ ಹೆಣ್ಣುಮಕ್ಕಳ ಮುಖಕ್ಕೆ ಸೂಜಿ ತಗುಲಿದ್ದು ಇದೇ ಮೊದಲಲ್ಲ. ಅವ್ವನ ಕಾಲದಲ್ಲಿ ಕುಲ ಹೇಳಿತು, ಅವ್ವ ಒಪ್ಪಿಕೊಂಡಳು. ಮಗಳ ಕಾಲದಲ್ಲಿ ಅಂಗಡಿ ಹೇಳುತ್ತಿದೆ, ಮಗಳು ತಾನೇ ಆರಿಸಿಕೊಂಡೆ ಅಂದುಕೊಂಡಿದ್ದಾಳೆ.

* * *

ಈಗ ಮಗಳ ಪಕ್ಷದ ವಾದವನ್ನು ಅದರ ಪೂರ್ತಿ ಬಲದಲ್ಲಿ ಎತ್ತಿಕೊಳ್ಳೋಣ. ಹಾಸ್ಟೆಲಿನ ಒಂದು ಚರ್ಚೆಯಲ್ಲಿ ಎಂ.ಎ. ಓದುವ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ನೇರವಾಗಿ ಕೇಳಿದಳು: ಬಾಬಾಸಾಹೇಬರೇ ಹೇಳಲಿಲ್ಲವೆ, ನಿಮ್ಮ ಮೈಮೇಲಿನ ಗುರುತುಗಳನ್ನು ಕಿತ್ತೆಸೆಯಿರಿ ಅಂತ?

ಹೇಳಿದ್ದು ನಿಜ. 1927ರ ಡಿಸೆಂಬರಿನಲ್ಲಿ, ಮನುಸ್ಮೃತಿಯನ್ನು ಸುಟ್ಟ ಅದೇ ಮಹಾಡಿನ ಸಮಾವೇಶದಲ್ಲಿ, ಅಂಬೇಡ್ಕರ್ ಹೆಂಗಸರನ್ನು ಕುರಿತು ಪ್ರತ್ಯೇಕವಾಗಿ ಮಾತಾಡಿದರು. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟುವ ರೀತಿ, ಕತ್ತಿನ ತುಂಬ ಹೊರುವ ಸರಗಳು, ಮೊಣಕೈತನಕ ಏರಿದ ಕಡಗಗಳು, ಇವೆಲ್ಲ ನೀವು ಅಸ್ಪೃಶ್ಯರೆಂದು ದೂರದಿಂದಲೇ ಸಾರುವ ಗುರುತುಗಳು, ಇವನ್ನು ಬಿಡಿ ಎಂದರು. ಹರಿದ ಬಟ್ಟೆಯಾದರೂ ಚೊಕ್ಕಟವಾಗಿರಲಿ ಎಂದರು. ಹೆಣ್ಣುಮಕ್ಕಳನ್ನು ಓದಿಸಿ ಎಂದರು. ಹೆಂಗಸರು ಅಲ್ಲಿಯೇ ಸೀರೆಯ ಕಟ್ಟು ಬದಲಿಸಿದರು.

ಹಾಗಾದರೆ ಬಣ್ಣವೂ ಅಂಥದೇ ಒಂದು ಗುರುತಲ್ಲವೆ? ಕಡಗ ಬಿಚ್ಚಿದ ಹಾಗೆ ಬಣ್ಣ ಬಿಚ್ಚಿದರೆ ತಪ್ಪೇನು? ಈ ಪ್ರಶ್ನೆಯನ್ನು ತೇಲಿಸಿಬಿಡುವಂತಿಲ್ಲ. ನಾವು ಇದರ ಮುಂದೆ ಬಹಳ ದಿನ ಕೂತೆವು.

ನಮಗೆ ಹೊಳೆದ ವ್ಯತ್ಯಾಸ ಇದು. ಕಡಗವನ್ನು ಕೈಗೆ ಹಾಕಿದ್ದು ಜಾತಿ. ಬಣ್ಣವನ್ನು ಕೊಟ್ಟಿದ್ದು ಜಾತಿಯಲ್ಲ. ಇಂಗ್ಲಿಷರ ಕಾಲದಲ್ಲಿ ಹರ್ಬರ್ಟ್ ರಿಸ್ಲೆ ಎಂಬ ಅಧಿಕಾರಿ ಈ ದೇಶದ ಜನರ ಮೂಗುಗಳನ್ನು ಅಳತೆ ಮಾಡಿಸಿದ. ಮೂಗಿನ ಅಗಲ ಉದ್ದಗಳ ಲೆಕ್ಕದಿಂದ ಜಾತಿಯ ಮೇಲು ಕೀಳುಗಳನ್ನು ಸಾಧಿಸಹೊರಟ. 1901ರ ಜನಗಣತಿಯ ಮುಖ್ಯಸ್ಥನೂ ಅವನೇ. ಇಂಥ ಮೂಗಿನ ಅಳತೆಗಳನ್ನೇ ಅಂಬೇಡ್ಕರ್ 1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಬರೆದ ಪುಸ್ತಕದಲ್ಲಿ ಎತ್ತಿಕೊಂಡು ತಿರುಗಿಸಿ ಹೊಡೆದರು. ಈ ಅಳತೆಯನ್ನು ನಂಬುವುದಾದರೆ ಬ್ರಾಹ್ಮಣರೂ ಅಸ್ಪೃಶ್ಯರೂ ಒಂದೇ ಜನಾಂಗ ಎಂದು ತೋರಿಸಿದರು. ಪುಸ್ತಕ ಬೇಡ, ಗಾದೆಯೇ ಸಾಕು. ಕರಿ ಹಾರುವನನ್ನೂ ಬಿಳಿ ಹೊಲೆಯನನ್ನೂ ನಂಬಬೇಡ ಎಂದು ಊರವರು ಆಡಿಕೊಂಡು ಬಂದಿದ್ದಾರೆ. ನಮ್ಮನ್ನು ಹೀಗಳೆಯಲು ಕಟ್ಟಿದ ಗಾದೆಯೇ ಕರಿಯ ಹಾರುವರಿದ್ದಾರೆ, ಬಿಳಿಯ ಹೊಲೆಯರಿದ್ದಾರೆ ಎಂದು ಒಪ್ಪಿಕೊಳ್ಳುತ್ತಿದೆ. ಮುಖದ ಮೇಲೆ ಜಾತಿ ಬರೆದಿಲ್ಲ. ಬರೆದಿದೆ ಎಂದು ನಂಬಿಸಿರುವುದೇ ಜಾತಿಯ ಕೆಲಸ. ಆ ಶಿಕ್ಷಕಿಯ ಲೋಟವನ್ನು ಬೇರೆ ಇಟ್ಟವರು ಅವರ ಮುಖ ಓದಿರಲಾರರು. ನೇಮಕಾತಿಯ ಪಟ್ಟಿ ಓದಿದ್ದರು.

ಹಾಗಾದರೆ ಬಣ್ಣದ ಈ ಗರ್ವ ಎಲ್ಲಿಂದ ಬಂತು? ರಾಮಮನೋಹರ ಲೋಹಿಯಾ ಮೈಬಣ್ಣ ಮತ್ತು ಚೆಲುವಿನ ಬಗ್ಗೆ ಬರೆಯುತ್ತಾ ಇದನ್ನು ರಾಜಕೀಯದ ಮಾತಾಗಿಯೇ ಹೇಳಿದರು. ಬಿಳಿಯರು ಜಗತ್ತನ್ನು ಆಳಿದ್ದರಿಂದ ಬಿಳುಪು ಚೆಲುವಾಯಿತು, ಆಫ್ರಿಕದ ಕರಿಯರು ಆಳಿದ್ದರೆ ಚೆಲುವಿನ ಅಳತೆಗೋಲೇ ಬೇರೆಯಿರುತ್ತಿತ್ತು ಎಂಬುದು ಅವರ ವಾದ. ನಮ್ಮ ನೆಲದಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಬಿಸಿಲಲ್ಲಿ ಬೆನ್ನು ಬಗ್ಗಿಸದೆ ಉಣ್ಣುವವರ ಚರ್ಮ ತೆಳುವಾಗಿ ಉಳಿಯಿತು. ಗದ್ದೆಯಲ್ಲಿ ನಿಂತವರ ಚರ್ಮ ಕಂದಿತು. ದುಡಿಯದವನ ಮೈ ಚೆಲುವೆಂದೂ ದುಡಿದವಳ ಮೈ ಕುರೂಪವೆಂದೂ ತೀರ್ಪಾಯಿತು. ಕಬ್ಬಿನ ಗದ್ದೆಯಲ್ಲಿ ಕಳೆ ಕಿತ್ತು ಮಗಳನ್ನು ಓದಿಸಿದ ಅವ್ವ 'ನನ್ನ ಮುಖ ನಿಂಗೆ ಬ್ಯಾಡಾಯ್ತಾ' ಎಂದು ಕೇಳುವಾಗ ಆ ತೀರ್ಪಿನ ಭಾರವಷ್ಟೂ ಅವಳ ಮಾತಿನಲ್ಲಿದೆ. ಮಗಳು ಒರೆಸಿಕೊಳ್ಳುತ್ತಿರುವುದು ತನ್ನ ದುಡಿಮೆಯನ್ನೇ ಎಂದು ಅವಳಿಗೆ ಕೇಳಿಸಿದೆ.

ಆದರೆ ಮಗಳು ಹೇಳಿದ್ದು ಅದಲ್ಲ. ಅವಳು ಹೇಳಿದ್ದು ಕೌಂಟರಿನ ಮಾತು. ಅವ್ವನ ಮುಖ ಕುರೂಪ ಅಂತ ಅವಳೆಲ್ಲೂ ಹೇಳಲಿಲ್ಲ. ಆ ಮುಖಕ್ಕೆ ಕೂಲಿ ಕಡಿಮೆ ಅಂದಳು. ಅದು ವಾಸ್ತವ. ಹಾಗಂತ ಆ ಬಣ್ಣದಿಂದ ಜಾತಿಯೇನೂ ಮರೆಯಾಗಲಿಲ್ಲ. ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ, ಬಿಳುಪಾದ ಮುಖ ನೋಡಿ ನಗುತ್ತಾ ಬಾಗಿಲು ತೆಗೆದ ಮನೆಯೊಡತಿ ಎರಡನೇ ಮಾತಿಗೇ 'ನೀವು ಯಾವ ಜನ?' ಎಂದಳಂತೆ. ಆ ಪ್ರಶ್ನೆಗೆ ಹಚ್ಚುವ ಮುಲಾಮು ಯಾವ ಕ್ಲಿನಿಕ್ಕಿನಲ್ಲೂ ಇಲ್ಲ.

* * *

ಈ ಮುಲಾಮುಗಳ ವ್ಯಾಪಾರವನ್ನೂ ಸ್ವಲ್ಪ ತಿಳಿದುಕೊಳ್ಳಬೇಕು. ಹಳ್ಳಿಯ ಮೇಷ್ಟ್ರುಗಳು ಇದನ್ನು ಮಕ್ಕಳಿಗೆ ಬಿಡಿಸಿ ಹೇಳಲಿ ಎಂಬುದು ನಮ್ಮ ಆಸೆ.

1973ರಲ್ಲಿ ಬೂಸಾ ಗಲಾಟೆ ನಡೆದು ಈ ನಾಡಿನ ದಲಿತ ಹುಡುಗರು ಬೀದಿಗೆ ಬಂದರು. ಎರಡು ವರ್ಷದ ನಂತರ, 1975ರಲ್ಲಿ, ಹಿಂದೂಸ್ತಾನ್ ಲೀವರ್ ಕಂಪನಿ 'ಫೇರ್ ಅಂಡ್ ಲವ್ಲಿ' ಎಂಬ ಟ್ಯೂಬನ್ನು ಮಾರುಕಟ್ಟೆಗೆ ಬಿಟ್ಟಿತು. ನಮ್ಮ ಹಾಡು ಮುಟ್ಟದ ಹಟ್ಟಿಗಳಿಗೂ ಆ ಟ್ಯೂಬು ಮುಟ್ಟಿತು. ಆಮೇಲೆ ಸಣ್ಣ ಸಣ್ಣ ಸ್ಯಾಷೆಗಳಾಗಿ ಪೆಟ್ಟಿಗೆ ಅಂಗಡಿಗಳಲ್ಲಿ ಮಾಲೆಯಾಗಿ ತೂಗಾಡಿತು. 2020ರಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯನನ್ನು ಪೊಲೀಸಿನವನು ಕತ್ತಿನ ಮೇಲೆ ಮೊಣಕಾಲೂರಿ ಕೊಂದ ಮೇಲೆ ಜಗತ್ತಿನ ತುಂಬ ಜನ ಎದ್ದರು. ಆಗ ಕಂಪನಿ ತನ್ನ ಟ್ಯೂಬಿನ ಮೇಲಿನ 'ಫೇರ್' ಪದ ತೆಗೆದು 'ಗ್ಲೋ' ಎಂದು ಹಾಕಿತು. ಪದ ಹೋಯಿತು, ಟ್ಯೂಬು ಉಳಿಯಿತು.

ಅದೇ 1975ರಲ್ಲಿ ಆಲ್ಬರ್ಟ್ ಕ್ಲಿಗ್ಮನ್ ಎಂಬ ಅಮೆರಿಕದ ಚರ್ಮವೈದ್ಯ ಸಹೋದ್ಯೋಗಿಯೊಬ್ಬನ ಜೊತೆ ಚರ್ಮದ ಬಣ್ಣ ಇಳಿಸುವ ಒಂದು ಮಿಶ್ರಣವನ್ನು ಪ್ರಕಟಿಸಿದ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೊಂದು ಸ್ಟೀರಾಯ್ಡ್. ಇವನು 1951ರಿಂದ 1974ರವರೆಗೆ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳ ಚರ್ಮದ ಮೇಲೆ ಪ್ರಯೋಗ ನಡೆಸಿ ಕುಖ್ಯಾತನಾದವನು. ಆ ಕೈದಿಗಳಲ್ಲಿ ಹೆಚ್ಚಿನವರು ಕರಿಯರು. ಅವನ ಮಿಶ್ರಣ ಬಂಗಿನಂಥ ಕಾಯಿಲೆಗೆ, ವೈದ್ಯರ ಕಣ್ಣೆದುರು, ಕೆಲವು ವಾರ ಹಚ್ಚಬೇಕಾದ ಔಷಧಿ. ಅದೇ ಜಾತಿಯ ಮುಲಾಮುಗಳು ನಮ್ಮ ತಾಲೂಕುಗಳ ಮೆಡಿಕಲ್ ಶಾಪುಗಳಲ್ಲಿ ಬಿಳುಪಾಗುವ ಕ್ರೀಮ್ ಎಂದು ಚೀಟಿಯಿಲ್ಲದೆ ಮಾರಾಟವಾಗುತ್ತ ಬಂದಿವೆ. ಮೊದಲ ತಿಂಗಳು ಮುಖ ಬೆಳಗುತ್ತದೆ. ಆಮೇಲೆ ಚರ್ಮ ತೆಳುವಾಗಿ ರಕ್ತನಾಳ ಕಾಣುತ್ತದೆ, ಮೊಡವೆ ಏಳುತ್ತದೆ, ಕೂದಲು ಹುಟ್ಟುತ್ತದೆ, ಬಿಸಿಲಿಗೆ ಹೋದರೆ ಉರಿಯುತ್ತದೆ. ಬಿಟ್ಟರೆ ಇನ್ನೂ ಉರಿಯುತ್ತದೆ ಎಂದು ಮತ್ತೆ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಆದೇಶ ಹೊರಡಿಸಿತು. ಆದೇಶ ದಿಲ್ಲಿಯಲ್ಲಿದೆ, ಕೌಂಟರು ನಮ್ಮೂರಲ್ಲಿದೆ.

ಪಾದರಸ ಬೆರೆತ ಕ್ರೀಮುಗಳದು ಇನ್ನೊಂದು ಕಥೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮುಖ, ಕಾಲು ಊದಿಕೊಂಡು ಮೂತ್ರದಲ್ಲಿ ಪ್ರೋಟೀನ್ ಸೋರುವ ಮೂತ್ರಪಿಂಡದ ಕಾಯಿಲೆಯವರು ಆಸ್ಪತ್ರೆಗೆ ಬಂದರು. ಹುಡುಕಿದಾಗ ಅವರಲ್ಲಿ ಅನೇಕರು ಬಿಳುಪಾಗುವ ಕ್ರೀಮು ಹಚ್ಚುತ್ತಿದ್ದರೆಂದು ತಿಳಿಯಿತು. ಮುಖಕ್ಕೆ ಹಚ್ಚಿದ್ದು ಮೂತ್ರಪಿಂಡಕ್ಕೆ ಇಳಿದಿತ್ತು. ಮಗಳ ಕೆನ್ನೆ ನೋಡಿ ಒಳಗೇನೋ ಸುಡುತ್ತಿದೆ ಎಂದ ಅವ್ವ ಯಾವ ಕಾಲೇಜಿಗೂ ಹೋದವಳಲ್ಲ. ಅವಳ ಭಯ ಮೂಢನಂಬಿಕೆಯಲ್ಲ.

ಇನ್ನೊಂದು ಮಾತನ್ನು ತರಗತಿಯಲ್ಲಿ ಹೇಳಿ. ಬಣ್ಣ ಮಾಡುವ ಕೋಶಗಳು ಕರಿಯರಲ್ಲೂ ಬಿಳಿಯರಲ್ಲೂ ಹೆಚ್ಚುಕಡಿಮೆ ಅಷ್ಟಷ್ಟೇ ಇವೆ. ಅವು ತಯಾರಿಸುವ ಮೆಲನಿನ್ ಎಂಬ ವಸ್ತುವಿನ ಪ್ರಮಾಣ, ಬಗೆ ಬೇರೆ. ಆ ಮೆಲನಿನ್ ಬಿಸಿಲಿನ ಅಪಾಯದ ಕಿರಣಗಳನ್ನು ತಡೆಯುತ್ತದೆ. ನಮ್ಮ ಬಣ್ಣ ನಮಗೆ ಹಾಕಿದ ಶಿಕ್ಷೆಯಲ್ಲ, ಬಿಸಿಲಿಗೆ ಹಿಡಿದ ಕೊಡೆ.

ಹಾಗೆಂದು ಮುಖಕ್ಕೆ ಮಾಡಿಸುವ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು. ಸೀಳುತುಟಿ ಹೊಲಿಸಿಕೊಂಡ ಮಗಳು, ಸುಟ್ಟ ಗಾಯದ ಚರ್ಮ ಸರಿಪಡಿಸಿಕೊಂಡ ಮಗಳು, ಆಸಿಡ್ ದಾಳಿಗೆ ಸಿಕ್ಕಿ ಇಪ್ಪತ್ತು ಮೂವತ್ತು ಆಪರೇಷನ್ನುಗಳ ಮೂಲಕ ಮುಖ ವಾಪಸ್ಸು ಪಡೆಯುತ್ತಿರುವ ಮಗಳು, ಇವರ ತಾಯಂದಿರ ಸಂತೋಷದ ಮುಂದೆ ನಮ್ಮ ಯಾವ ತತ್ವವೂ ನಿಲ್ಲುವುದಿಲ್ಲ. ಅಲ್ಲಿ ಗಾಯವಿತ್ತು. ಕೌಂಟರಿನ ಹುಡುಗಿಯ ಮುಖದಲ್ಲಿ ಗಾಯವಿರಲಿಲ್ಲ.

* * *

ಇನ್ನು ನಮ್ಮ ಕಡೆ ತಿರುಗೋಣ. ಇಲ್ಲಿಯತನಕ ಅಂಗಡಿಯವನನ್ನು, ಕಂಪನಿಯನ್ನು, ಮನೆಯೊಡತಿಯನ್ನು ಹೇಳಿದೆವು. ನಾವು?

ನಾವು ಎಂದರೆ ಈ ಪತ್ರಿಕೆ ಓದುವ, ಬರೆಯುವ, ಸಭೆಗಳಲ್ಲಿ ಜೈಭೀಮ್ ಅನ್ನುವ ಗಂಡಸರು. ನಮ್ಮಲ್ಲಿ ಎಷ್ಟು ಜನ ಹೆಣ್ಣು ನೋಡಲು ಹೋದಾಗ ಬಣ್ಣ ನೋಡಲಿಲ್ಲ? ನಮ್ಮವರದೇ ಮದುವೆ ಜಾಹೀರಾತುಗಳನ್ನು ತೆಗೆದು ನೋಡಿ. ವರನಿಗೆ ಸರ್ಕಾರಿ ನೌಕರಿ, ವಧು ಬೆಳ್ಳಗಿರಬೇಕು. ಮೀಸಲಾತಿಯಿಂದ ಬಂದ ಸಂಬಳವನ್ನು ನಾವು ಬಿಳಿಯ ಹೆಂಡತಿಯನ್ನು ತರುವ ಅರ್ಹತೆ ಎಂದು ತಿಳಿದೆವು. ಪುರೋಹಿತನಿಲ್ಲದೆ, ತಾಳಿಯಿಲ್ಲದೆ, ಸಂವಿಧಾನದ ಪೀಠಿಕೆ ಓದಿ ಮದುವೆಯಾದೆವು. ಆದರೆ ಆ ಮಂಟಪಕ್ಕೆ ಬರುವ ಮುಂಚೆ ಎಷ್ಟು ಕಪ್ಪು ಹುಡುಗಿಯರ ಮನೆಯಿಂದ ಎದ್ದು ಬಂದಿದ್ದೆವು? ಉಪ್ಪಿಟ್ಟು ತಿಂದು ಎದ್ದುಹೋದವರಲ್ಲಿ ನಮ್ಮವರೂ ಇದ್ದರು. ಆ ಅವ್ವ ನಮ್ಮ ಮುಖಕ್ಕೆ ಹೇಳಲಿಲ್ಲ, ಅಷ್ಟೆ.

ಇದನ್ನು ಬರೆಯುವಾಗ ನಮಗೆ ನಾಚಿಕೆಯಾಗುತ್ತಿದೆ. ಆಗಬೇಕು.

* * *

ಕೊನೆಗೆ ಉಳಿಯುವ ಪ್ರಶ್ನೆ: ಮಗಳ ಮುಖ ಯಾರದು?

ಹೆತ್ತ ತಾಯಿಯದೇ? ಅಲ್ಲ. ಹೆತ್ತವಳ ನೋವು ನಿಜ. ಆ ನೋವನ್ನು ಮಗಳು ಕೇಳಿಸಿಕೊಳ್ಳಬೇಕು. ಆದರೆ ನೋವು ಆಜ್ಞೆಯಾಗಲಾರದು. ಇಪ್ಪತ್ತಾರು ವರ್ಷದ, ದುಡಿದು ಮನೆ ನಡೆಸುವ ಹೆಣ್ಣು ತನ್ನ ಮುಖದ ಬಗ್ಗೆ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಚಳವಳಿಯದೇ? ಅದಂತೂ ಅಲ್ಲವೇ ಅಲ್ಲ. ಹೆಣ್ಣಿನ ಮೈಮೇಲೆ ಏನಿರಬೇಕು, ಏನಿರಬಾರದು ಎಂದು ಕಾವಲು ಕಾಯುವುದು ಜಾತಿ ಸಮಾಜದ ಕಸುಬು. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಏಟು ತಿಂದರು. 1859ರಲ್ಲಿ ರಾಜ ಅನುಮತಿ ಕೊಟ್ಟ. ಅದರಲ್ಲೂ ಒಂದು ಷರತ್ತು: ಮುಚ್ಚಿಕೊಳ್ಳಿ, ಆದರೆ ಮೇಲ್ಜಾತಿ ಹೆಂಗಸರ ಹಾಗೆ ಬೇಡ. ಇಂಥ ಚರಿತ್ರೆಯಿರುವ ನೆಲದಲ್ಲಿ ನಾವು ಇನ್ನೊಂದು ಕಾವಲುಪಡೆ ಕಟ್ಟಿಕೊಂಡು, ಸ್ವಾಭಿಮಾನಿ ದಲಿತ ಮಹಿಳೆ ಪಾರ್ಲರಿಗೆ ಹೋಗಬಾರದು ಎಂದು ಫರ್ಮಾನು ಹೊರಡಿಸಿದರೆ ಆ ರಾಜನಿಗೂ ನಮಗೂ ಏನು ವ್ಯತ್ಯಾಸ? ಪಾರ್ಲರಿನಲ್ಲಿ ನಿಂತು ಬ್ಲೀಚು ಕಲಸುವವಳೂ ಎಷ್ಟೋ ಕಡೆ ನಮ್ಮ ಕೇರಿಯ ಮಗಳೇ. ಅವಳ ಅನ್ನಕ್ಕೆ ಮಣ್ಣು ಹಾಕುವುದು ಬಂಡಾಯವಲ್ಲ.

ಹಾಗೆಂದು 'ಅವಳ ಮುಖ, ಅವಳ ಇಷ್ಟ' ಎಂದು ಕೈ ತೊಳೆದುಕೊಳ್ಳುವುದೂ ಸುಲಭದ ದಾರಿ. ಮೂರು ವರ್ಷ ಗೋಡೌನಿಗೆ ತಳ್ಳಿ, ಬಿಳುಪಾದ ಮೇಲೆ ಕೌಂಟರು ಕೊಟ್ಟರೆ ಅದನ್ನು ಇಷ್ಟ ಅನ್ನುವುದೆ? ಒಂದು ಬಾಗಿಲು ಮುಚ್ಚಿ ಇನ್ನೊಂದು ಬಾಗಿಲು ತೋರಿಸಿ, ನೋಡಿ ಅವಳೇ ಆರಿಸಿಕೊಂಡಳು ಅನ್ನುವುದು ಯಜಮಾನರ ಹಳೆಯ ನ್ಯಾಯ. ಆ ಮುಚ್ಚಿದ ಬಾಗಿಲೂ ತೆರೆದಿದ್ದು, ಆಗಲೂ ಅವಳು ಬಣ್ಣ ಹಚ್ಚಿಕೊಳ್ಳುತ್ತೇನೆ ಅಂದರೆ ಅದು ಅವಳ ಸಂತೋಷ. ನಾವ್ಯಾರೂ ಕೇಳುವಂತಿಲ್ಲ.

ಅಂದರೆ ಅವ್ವ ಕೇಳಿದ ಪ್ರಶ್ನೆ ಸರಿಯಾದದ್ದೇ. ಅದು ಹೋಗಿ ಮುಟ್ಟಿದ ವಿಳಾಸ ತಪ್ಪು. 'ನಾನು ಹೆತ್ತ ಮುಖ ನಿಂಗೆ ಬ್ಯಾಡಾಯ್ತಾ' ಎಂದು ಮಗಳನ್ನಲ್ಲ, ಅಂಗಡಿಯ ಯಜಮಾನನನ್ನು ಕೇಳಬೇಕಿತ್ತು. ಗಂಡಿನ ಕಡೆಯವರನ್ನು ಕೇಳಬೇಕಿತ್ತು. ನಮ್ಮನ್ನು ಕೇಳಬೇಕಿತ್ತು. ಅವರನ್ನು ಕೇಳುವ ಶಕ್ತಿ ಅವ್ವನಿಗಿಲ್ಲದ್ದರಿಂದ ಕೈಗೆ ಸಿಕ್ಕ ಮಗಳನ್ನು ಕೇಳಿದಳು. ಮೇಲಿನವರ ಮೇಲಿನ ಸಿಟ್ಟು ನಮ್ಮ ಮನೆಯೊಳಗೇ ಸುತ್ತುತ್ತಾ ನಮ್ಮವರನ್ನೇ ಸುಡುವುದು ಇದೇ ಮೊದಲ ಸಲವಲ್ಲ.

ಮೇಷ್ಟ್ರುಗಳಿಗೆ ಒಂದು ಕೆಲಸವಿದೆ. ಶಾಲೆಯ ನಾಟಕದಲ್ಲಿ ಬೆಳ್ಳಗಿರುವ ಹುಡುಗಿಗೆ ಭಾರತಮಾತೆ, ಕಪ್ಪು ಹುಡುಗಿಗೆ ಶೂರ್ಪನಖಿ ಎಂದು ಪಾತ್ರ ಹಂಚುವುದನ್ನು ಈ ವರ್ಷದಿಂದ ನಿಲ್ಲಿಸಿ. ಹಾಜರಿ ಪುಸ್ತಕದಲ್ಲಿಲ್ಲದ 'ಕರಿಯ', 'ಕರಿಯಿ' ಎಂಬ ಹೆಸರುಗಳನ್ನು ನಿಮ್ಮ ಬಾಯಿಂದ ಬಿಡಿ. ವಿದ್ಯಾರ್ಥಿ ಗೆಳೆಯರೆ, ಹೆಣ್ಣು ನೋಡಲು ಹೋಗುವ ದಿನ ನಿಮ್ಮ ಕಣ್ಣನ್ನು ನೀವೇ ಪರೀಕ್ಷೆ ಮಾಡಿಕೊಳ್ಳಿ. ಅವ್ವಂದಿರೆ, 'ಆದ್ರೂ' ಎಂಬ ಆ ಎರಡಕ್ಷರವನ್ನು ಬಿಟ್ಟುಬಿಡಿ. ಕಪ್ಪಗಿದ್ದಾಳೆ, ಲಕ್ಷಣವಾಗಿದ್ದಾಳೆ. ಅಷ್ಟೇ ಸಾಕು.

* * *

ಆ ಹುಡುಗಿಯ ಸುದ್ದಿ ಹೇಳಿ ಮುಗಿಸುತ್ತೇವೆ. ದೀಪಾವಳಿ ಹೊತ್ತಿಗೆ ಅವಳ ಮುಖ ಕೆಟ್ಟಿತು. ಕೆನ್ನೆಗಳ ಮೇಲೆ ಕೆಂಪು ಬೊಕ್ಕೆ, ಅಲ್ಲಲ್ಲಿ ಮೊದಲಿಗಿಂತ ಕಪ್ಪಾದ ಕಲೆಗಳು. ಅಂಗಡಿಯವರು ಅವಳನ್ನು ಮತ್ತೆ ಗೋಡೌನಿಗೆ ಹಾಕಿದರು. ಎರಡು ಸಾವಿರ ಹೋಯಿತು. ಜಿಲ್ಲಾಸ್ಪತ್ರೆಯ ಚರ್ಮದ ವಿಭಾಗದ ಮುಂದೆ ಸಾಲಿನಲ್ಲಿ ಕೂತಿದ್ದಾಗ ನಮ್ಮಲ್ಲಿ ಒಬ್ಬರು ಜೊತೆಗಿದ್ದೆವು. ಅವ್ವ ಒಂದು ದಿನದ ಕೂಲಿ ಬಿಟ್ಟು ಬಂದಿದ್ದಳು. ಬೈಯಲಿಲ್ಲ. ಬಹಳ ಹೊತ್ತಾದ ಮೇಲೆ, ಮಗಳ ತಲೆಯ ಮೇಲಿನ ಸೆರಗನ್ನು ಬಿಸಿಲಿಗೆ ಅಡ್ಡವಾಗಿ ಎಳೆಯುತ್ತಾ ಹೇಳಿದಳು: "ನೀ ಕೂಸಾಗಿದ್ದಾಗ ನಿಂಗೆ ಅರಿಸಿನ ಹಾಕಿ ತಿಕ್ಕಿ ತಿಕ್ಕಿ ಅಳಿಸ್ತಿದ್ದೆ ಕಣವ್ವ. ನಿಮ್ಮಜ್ಜಿ ಹೇಳೋಳು, ಇನ್ನೂ ತಿಕ್ಕು ಅಂತ. ನಂಗೂ ಬುದ್ಧಿ ಇರ್ನಿಲ್ಲ."

ಮಗಳು ಮುಖ ಮುಚ್ಚಿಕೊಂಡು ಕೂತಿದ್ದಳು. ಏನೂ ಹೇಳಲಿಲ್ಲ.

ಅವಳು ಈಗಲೂ ಗೋಡೌನಿನಲ್ಲೇ ಇದ್ದಾಳೆ. ಮುಖ ನಿಧಾನಕ್ಕೆ ಸರಿಹೋಗುತ್ತಿದೆ. ಆ ಅಂಗಡಿಗೆ ಹೋಗಿ, ಕೌಂಟರಿಗೂ ಮುಖದ ಬಣ್ಣಕ್ಕೂ ಏನು ಸಂಬಂಧ ಸ್ವಾಮಿ ಎಂದು ಕೇಳುವುದು ಸಂಘದ ಕೆಲಸ. ನಾವು ಇನ್ನೂ ಹೋಗಿಲ್ಲ. ಕೇಳಿದರೆ ಇರುವ ಕೆಲಸವೂ ಹೋದೀತು ಎಂದು ಆ ಹುಡುಗಿ ಹೆದರಿದ್ದಾಳೆ. ಅವಳೊಬ್ಬಳ ಹೆಸರು ಹಿಡಿದು ಹೋಗುವ ಹಾಗಿಲ್ಲ. ಆ ಬೀದಿಯ ಎಲ್ಲ ಅಂಗಡಿಗಳ ಗೋಡೌನುಗಳಲ್ಲಿ ಕೂತಿರುವ ಹುಡುಗಿಯರನ್ನು ಒಟ್ಟುಗೂಡಿಸಿಕೊಂಡು ಹೋಗಬೇಕು. ಅದಕ್ಕೆ ದಿನ ಹಿಡಿಯುತ್ತದೆ. ಆ ಕೆಲಸ ಶುರು ಮಾಡದೆ ಅವ್ವನ ಕಣ್ಣೀರಿನ ಬಗ್ಗೆ ಇನ್ನೊಂದು ಲೇಖನ ಬರೆಯುವ ಹಕ್ಕು ನಮಗಿಲ್ಲ.